ಮಾರ್ಗದರ್ಶಿ ನಾಯಿಮರಿ ನಿಮ್ಮ ಮನೆಗೆ ಬಂದಾಗ

ಅಮೆರಿಕ, ಬ್ರಿಟನ್‌ಗಳಲ್ಲಿ ಅಂಧರ ಮಾರ್ಗದರ್ಶಿ ನಾಯಿಯಾಗಬೇಕಾದ ಲ್ಯಾಬ್ರಡಾರ್ ಮರಿ ಸುಮಾರು 8 ವಾರಕ್ಕೆ ಸಾಕುಮನೆಗೆ ಬರುತ್ತದೆ, ಒಂದು ವರ್ಷ ದಾಟಿದ ಮೇಲೆ ತರಬೇತಿಗೆ ಮರಳುತ್ತದೆ. ದಾರಿ ತೋರಿಸುವುದನ್ನು ಕಲಿಸುವುದು ನಿಮ್ಮ ಕೆಲಸವಲ್ಲ. ಹೇಳಿದಲ್ಲಿ ಉಚ್ಚೆ ಮಾಡುವುದು, ಸುಮ್ಮನೆ ಬಿದ್ದುಕೊಳ್ಳುವುದು, ನೆಲದ ತಿಂಡಿಗೆ ಬಾಯಿ ಹಾಕದಿರುವುದು, ಇಷ್ಟು ಬಂದರೆ ಸಾಕು.

ಉಚ್ಚೆಯಿಂದ ಶುರು ಮಾಡಿ. ಮರಿ ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಬೆಲ್ಟ್ (ಕೊರಳಪಟ್ಟಿಗೆ ಸಿಕ್ಕಿಸಿ ಕೈಯಲ್ಲಿ ಹಿಡಿಯುವ ಪಟ್ಟಿ) ಹಾಕಿ ಒಂದೇ ಜಾಗಕ್ಕೆ ಕರೆದೊಯ್ದು ಅಲುಗದೆ ನಿಲ್ಲಿ. ಕುಕ್ಕರಿಸಿದಾಗ ಮೆಲ್ಲಗೆ 'ಬಿಝಿ ಬಿಝಿ' (ಉಚ್ಚೆಗೆ ಅಪ್ಪಣೆಯ ಮಾತು) ಎನ್ನಿ. ಹೊಗಳುವುದು ಅದು ಪೂರ್ತಿ ಮುಗಿಸಿದ ಮೇಲೆ. ನಡುವೆ ಹೊಗಳಿದರೆ ಅರ್ಧಕ್ಕೇ ಓಡಿಬಂದು ಉಳಿದದ್ದನ್ನು ಕಾರ್ಪೆಟ್ ಮೇಲೆ ಮುಗಿಸುತ್ತದೆ. 5 ನಿಮಿಷ ಕಾದರೂ ಆಗಲಿಲ್ಲವೇ? ಒಳಗೆ ಕ್ರೇಟಿನಲ್ಲಿಟ್ಟು (ಮರಿ ಮಲಗುವ ಪಂಜರ) 10 ನಿಮಿಷ ಬಿಟ್ಟು ಮತ್ತೆ ಹೊರಗೆ. ಬೆಲ್ಟ್ ಯಾಕೆಂದರೆ, ಮುಂದೆ ಅಂಧ ಯಜಮಾನರು ಹತ್ತಿರವೇ ನಿಂತ ನಾಯಿಯ ಬೆನ್ನು ಸವರಿಯೇ ತಿಳಿಯಬೇಕು: ಬೆನ್ನು ಗೂನಾಗಿದ್ದರೆ ಕಕ್ಕ, ಚೀಲ ಹಿಡಿದು ಎತ್ತಬೇಕು.

ಊಟ ನಾಯಿಗಳ ಒಣ ಆಹಾರದ ಕಾಳು ಮಾತ್ರ, ಗ್ರಾಂ ಲೆಕ್ಕದಲ್ಲಿ ತೂಗಿ. ಬಹುಮಾನದ ಕಾಳೂ ಅದರಲ್ಲೇ ಕಳೆಯಬೇಕು. ಅಜ್ಜಿ ಕರುಣೆಯಿಂದ ಕೊಡುವ ದೋಸೆಚೂರೇ ದೊಡ್ಡ ಶತ್ರು. ಮೇಜಿನಿಂದ ಒಮ್ಮೆ ಸಿಕ್ಕಿದ್ದನ್ನು ಅದು ಎಲ್ಲ ಹೋಟೆಲಿನಲ್ಲೂ ಹುಡುಕುತ್ತದೆ. ಪಲ್ಯದ ಈರುಳ್ಳಿ, ಪಾಯಸದ ದ್ರಾಕ್ಷಿ ನಾಯಿಗೆ ವಿಷವೂ ಹೌದು.

ಸುಮ್ಮನಿರುವುದನ್ನು ಹೀಗೆ ಕಲಿಸಿ: ಕುರ್ಚಿಯಲ್ಲಿ ಕೂತು, ಮರಿ ಮಲಗುವಷ್ಟು ಸಡಿಲ ಬಿಟ್ಟು ಬೆಲ್ಟನ್ನು ಪಾದದಡಿ ಒತ್ತಿಹಿಡಿಯಿರಿ. ಮಾತಾಡಬೇಡಿ. ಕುಯ್ಗುಟ್ಟಲಿ. ಗದ್ದ ನೆಲಕ್ಕಿಟ್ಟ ಕ್ಷಣ ಮುಂಗಾಲುಗಳ ನಡುವೆ ಒಂದು ಕಾಳು ಇಡಿ. ಮೊದಲು 2 ನಿಮಿಷ, ಆಮೇಲೆ 10.

ಲಸಿಕೆ ಮುಗಿಯುವ ತನಕ ಎತ್ತಿಕೊಂಡೇ ಬಸ್ ನಿಲ್ದಾಣ, ಮಾರುಕಟ್ಟೆ ತೋರಿಸಿ. ಆ ವಾರಗಳಲ್ಲಿ ಮನೆಯಲ್ಲೇ ಕೂರಿಸಿದರೆ ಆಮೇಲೆ ಆ ಅಭ್ಯಾಸದ ಕೊರತೆ ತುಂಬಿಕೊಡುವುದು ಕಷ್ಟ. ನೆಲಕ್ಕಿಳಿದ ಮೇಲೆ ಚರಂಡಿಯ ಕಬ್ಬಿಣದ ಜಾಲರಿ ಕಂಡು ನಿಂತರೆ ಎಳೆಯಬೇಡಿ. ಕಾಳು ತಿನ್ನುತ್ತಿದೆಯೇ ನೋಡಿ. ತಿನ್ನದಿದ್ದರೆ ಹೆದರಿದೆ, ತೀರಾ ಹತ್ತಿರವಾಯಿತು, ಹತ್ತು ಹೆಜ್ಜೆ ಹಿಂದೆ ಹೋಗಿ. ಎಸ್ಕಲೇಟರ್ ಬೇಡವೇ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಚೆಂಡೆಸೆಯುವ ಆಟವೂ ಬೇಡ. ಚೆಂಡಿನ ಹುಚ್ಚು ಹಿಡಿದ ನಾಯಿ ರಸ್ತೆ ದಾಟುವಾಗ ಯಾರದೋ ಚೆಂಡಿನ ಹಿಂದೆ ಎಳೆದರೆ ಬೀಳುವವರು ಯಜಮಾನರು.

ಮರಿ ಕೊಟ್ಟ ಸಂಸ್ಥೆಗೆ ಕಳಿಸುವ ತಿಂಗಳ ವರದಿಯಲ್ಲಿ ಅದರ ಅಂಜಿಕೆಗಳನ್ನು ಮುಚ್ಚಿಡಬೇಡಿ. 'ಜಾಲರಿ ಮೇಲೆ ಕಾಲಿಡಲಿಲ್ಲ, ಮೂರನೇ ಸಲ ಅಂಚಿನಲ್ಲಿ ನಡೆಯಿತು' ಅಂತ ಇದ್ದದ್ದು ಇದ್ದ ಹಾಗೆ ಬರೆದರೆ ತರಬೇತುದಾರರು ಅಲ್ಲಿಂದಲೇ ಮುಂದುವರಿಸುತ್ತಾರೆ.