ಬೋರ್ಡೋ ಬಕೆಟ್‌ನಿಂದ ಶುರುವಾಗುವ ರಸಾಯನಶಾಸ್ತ್ರ

ಮೂಡಿಗೆರೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿನ ರಾಸಾಯನಿಕ ಕ್ರಿಯೆಗಳ ಪಾಠ ಜೂನ್‌ನಲ್ಲೇ ಬರುತ್ತದೆ. ಮಳೆ ಜೋರಾಗುವ ಮುಂಚೆ ಕಾಫಿ, ಅಡಿಕೆ ತೋಟಕ್ಕೆ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಅದಕ್ಕೆ ಸುಣ್ಣ ಬೆರೆಸಿದ ರೋಗ ತಡೆಯುವ ದ್ರಾವಣ) ಹೊಡೆದು ಮುಗಿಸುವ ಗಡಿಬಿಡಿಯೂ ಆಗಲೇ. ಕಾಫಿಗೆ ಎಲೆತುಕ್ಕು, ಅಡಿಕೆಗೆ ಕೊಳೆರೋಗ. ಮೈಲುತುತ್ತ ಕರಗಿಸುವುದನ್ನು, ಸುಣ್ಣ ಅರಳಿಸುವುದನ್ನು ಮನೆಯಲ್ಲಿ ನೋಡಿದ ಮಕ್ಕಳು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ. ಅದಕ್ಕೇ ನಾನು ಪಾಠ ಶುರು ಮಾಡುವುದು ಬೋರ್ಡೋದಿಂದ.

ತೋಟದಲ್ಲಿ ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಟ್ಟ ಸುಣ್ಣ. ಕ್ಲಾಸಿಗೆ 1 ಲೀಟರ್ ಸಾಕು, ಎರಡೂ 10 ಗ್ರಾಂ. ಅರ್ಧ ಲೀಟರ್ ನೀರಿಗೆ ತುತ್ತ, ಇನ್ನರ್ಧಕ್ಕೆ ಸುಣ್ಣ. ಪ್ಲಾಸ್ಟಿಕ್ ಬಕೆಟ್ ಆಗಬೇಕು, ಕಬ್ಬಿಣದ್ದು ಬೇಡವೇ ಬೇಡ. ಸುಣ್ಣ ಅರಳಿಸುವ ಕೆಲಸ ನನ್ನದೇ, ಕನ್ನಡಕ ಹಾಕಿಕೊಂಡು. ಮಕ್ಕಳು ದೂರ ನಿಲ್ಲಬೇಕು.

ತುತ್ತ ಕರಗಿದಾಗ ನೀರು ನೀಲಿ ಆಗುತ್ತದೆ. "ಬಣ್ಣ ಬಂತು, ರಾಸಾಯನಿಕ ಬದಲಾವಣೆ" ಎಂದು ಅರ್ಧ ಕ್ಲಾಸು ಕೂಗುತ್ತದೆ. ತಟ್ಟೆಯಲ್ಲಿ ಆ ನೀರನ್ನು ಆರಲು ಬಿಟ್ಟರೆ ಮತ್ತದೇ ನೀಲಿ ಹರಳು ಕೂರುತ್ತದೆ. ಅಂದರೆ ವಸ್ತು ಬದಲಾಗಿಲ್ಲ ಅಲ್ವಾ? ಸುಣ್ಣದ ಕಥೆ ಬೇರೆ. ನೀರು ಬಿದ್ದದ್ದೇ ತಡ, ಕೊತಕೊತ ಕುದಿದು ಹಬೆ ಏಳುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ಹೋಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗಿದೆ. ಆರಿಸಿದರೂ ಸುಟ್ಟ ಸುಣ್ಣ ವಾಪಸ್ ಸಿಗುವುದಿಲ್ಲ. ಬಣ್ಣ, ಬಿಸಿ, ಗುಳ್ಳೆ ಇವೆಲ್ಲ ಬರೀ ಸುಳಿವು. ಹೊಸ ವಸ್ತು ಆಯಿತೇ ಎಂಬುದೊಂದೇ ಪ್ರಶ್ನೆ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಆಮೇಲೆ ತುತ್ತದ ನೀರನ್ನು ಕಲಕುತ್ತಾ ತಣಿದ ಸುಣ್ಣದ ನೀರಿಗೆ ಸುರಿಯುವುದು. ನನಗೆ ಬಹಳ ಇಷ್ಟದ ಘಟ್ಟ ಇದು. ಆರಪಾರ ಕಾಣುತ್ತಿದ್ದ ಕಡುನೀಲಿ, ಗಟ್ಟಿ ಆಕಾಶನೀಲಿ ಆಗಿಬಿಡುತ್ತದೆ. ಫಿಲ್ಟರ್ ಪೇಪರಿನಲ್ಲಿ ಸೋಸಲು ಹಾಕುತ್ತೇವೆ. ನಿಧಾನಕ್ಕೆ ಇಳಿಯುತ್ತದೆ, ಕಾಯಬೇಕು. ಕೆಳಗೆ ಬೀಳುವ ಹನಿ ಬಣ್ಣವೇ ಇಲ್ಲದ ಸ್ವಚ್ಛ ನೀರು! "ಸಾರ್, ನೀಲಿ ಎಲ್ಲಿ ಹೋಯ್ತು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪೇಪರಿನ ಮೇಲೆ ಲೋಳೆ ಲೋಳೆಯಾಗಿ ಕೂತಿದೆ ನೋಡಿ ಎನ್ನುತ್ತೇನೆ. ತಾಮ್ರವೆಲ್ಲ ನೀರು ಬಿಟ್ಟು ಗಟ್ಟಿ ವಸ್ತುವಿಗೆ ಸೇರಿದೆ. ಅಲ್ಲಿ ನಿಜವಾಗಿ ಹುಟ್ಟುವ ತಾಮ್ರದ ಸಂಯುಕ್ತಗಳು ಸ್ವಲ್ಪ ಸಿಕ್ಕಲು. ಬೋರ್ಡಿನ ಮೇಲೆ ಬರೆಯಲು ತಾಮ್ರದ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಸಾಕು.

ಇನ್ನೊಂದು ಬಕೆಟ್‌ನಲ್ಲಿ ಅಷ್ಟೇ ತುತ್ತಕ್ಕೆ ಬೇಕೆಂದೇ 1 ಗ್ರಾಂ ಸುಣ್ಣ ಮಾತ್ರ ಹಾಕುತ್ತೇನೆ. ಬೆಳೆಗಾರರು ದ್ರಾವಣಕ್ಕೆ ಕತ್ತಿ ಅದ್ದಿ ನೋಡುತ್ತಾರಲ್ಲ, ನಾವು ಬ್ಲೇಡ್ ಅದ್ದುತ್ತೇವೆ. ಇದರಲ್ಲಿ ಕೆಂಪಗೆ ತಾಮ್ರ ಕೂರುತ್ತದೆ, ಮೊದಲಿನದರಲ್ಲಿ ಕೂರುವುದಿಲ್ಲ. ಕಬ್ಬಿಣ ತಾಮ್ರಕ್ಕಿಂತ ಚುರುಕು, ನೀರಿನಲ್ಲಿ ತಾಮ್ರ ಉಳಿದಿದ್ದರೆ ಅದನ್ನು ಹೊರಗೆ ತಳ್ಳುತ್ತದೆ. ಹಾಗೆ ಉಳಿದ ತಾಮ್ರವೇ ಎಲೆ ಸುಡುವುದು. ಪುಸ್ತಕದ ಸ್ಥಾನಪಲ್ಲಟ ಕ್ರಿಯೆ ಇದೇ, ಕಬ್ಬಿಣದ ಬಕೆಟ್ ಬೇಡ ಎಂದದ್ದೂ ಇದಕ್ಕೇ.

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಒಂದು ಪ್ರಶ್ನೆ ಕೊಡುತ್ತೇನೆ. ಸಮೀಕರಣದ ಪ್ರಕಾರ 250 ಗ್ರಾಂ ತುತ್ತಕ್ಕೆ 56 ಗ್ರಾಂ ಸುಣ್ಣ ಸಾಕು. ಹಾಗಾದರೆ ಸಮ ತೂಕ ಯಾಕೆ? ಅಂಗಡಿ ಸುಣ್ಣ ಶುದ್ಧ ಇರುವುದಿಲ್ಲ. ಗಾಳಿಯ ತೇವ, ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ಅರ್ಧ ಕೆಲಸ ಮುಗಿಸಿರುತ್ತದೆ. ಹಳೇ ಸುಣ್ಣಕ್ಕೆ ನೀರು ಹಾಕಿದರೆ ಸರಿಯಾಗಿ ಬಿಸಿಯೇ ಆಗದಿರುವುದು ಇದರಿಂದಲೇ. ಜಾಸ್ತಿ ಸುಣ್ಣವಿದ್ದರೆ ಕರಗಿದ ತಾಮ್ರ ಉಳಿಯುವ ಭಯವಿಲ್ಲ.

ಮರುದಿನ ಕಾಫಿ ಹಣ್ಣಿನ ದಾರಿ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು), ಹುದುಗು, ಒಣಗಿಸುವುದು, ಹುರಿಯುವುದು, ಪುಡಿ, ಡಿಕಾಕ್ಷನ್. ಯಾವುದರಲ್ಲಿ ಹೊಸ ವಸ್ತು ಹುಟ್ಟುತ್ತದೆ, ನೀವೇ ವಾದ ಮಾಡಿ ಎಂದು ಬಿಟ್ಟುಬಿಡುತ್ತೇನೆ. ಹುರಿಯುವುದರಲ್ಲಿ ಎಲ್ಲರದ್ದೂ ಒಂದೇ ಮಾತು, ಹುದುಗಿನ ಬಗ್ಗೆ ಜಗಳ.

ಈ ಪ್ರಯೋಗ ಮಾಡುವವರಿಗೆ ಒಂದು ಮಾತು. ಮೈಲುತುತ್ತ ವಿಷ, ಮಕ್ಕಳು ಸೋಪು ಹಾಕಿ ಕೈ ತೊಳೆಯಲೇಬೇಕು. ಉಳಿದದ್ದನ್ನು ಚರಂಡಿಗೆ ಚೆಲ್ಲಬೇಡಿ. ನಮ್ಮೂರಿನ ಹಳ್ಳ ಹೇಮಾವತಿಗೆ ಸೇರುತ್ತದೆ, ತಾಮ್ರ ಮೀನಿಗೆ ಆಗುವುದಿಲ್ಲ. ಮೊದಲ ಬಕೆಟ್‌ನದ್ದನ್ನು ಅವತ್ತೇ ಪಕ್ಕದ ತೋಟದವರಿಗೆ ಕೊಡುತ್ತೇವೆ, ಅವರ ಡ್ರಮ್ಮಿಗೆ ಸೇರುತ್ತದೆ. ಎರಡನೆಯದಕ್ಕೆ ಬ್ಲೇಡ್ ಕೆಂಪಾಗದಷ್ಟು ಸುಣ್ಣ ಹಾಕಿಯೇ ಕೊಡುವುದು.