ಸ್ಟ್ರಾಡ್‌ನ ಹಳೇ ಕಥೆಗೆ ಸಾಕ್ಷಿ ಹುಡುಕುವುದು ಹೇಗೆ

ಇದು ಡಿಎಂಗಳಿಗಾಗಿ, ಅಂದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಆಟದಲ್ಲಿ ಕಥೆ ನಡೆಸುವ ಡಂಜನ್ ಮಾಸ್ಟರ್‌ಗಳಿಗಾಗಿ ಬರೆದದ್ದು. ನೀವು ಯಾರದ್ದಾದರೂ ಟೇಬಲ್‌ನಲ್ಲಿ ‘ಕರ್ಸ್ ಆಫ್ ಸ್ಟ್ರಾಡ್’ ಆಡುತ್ತಿದ್ದರೆ, ಅಥವಾ ಮುಂದೆ ಆಡುವ ಆಸೆಯಿದ್ದರೆ, ಇಲ್ಲಿಗೇ ನಿಲ್ಲಿಸಿ. ಮುಂದಿನ ಪ್ಯಾರಾದಿಂದಲೇ ಗುಟ್ಟೆಲ್ಲ ಬಯಲು.

2016ರಲ್ಲಿ ಬಂದ ಈ ಕ್ಯಾಂಪೇನಿಗೆ, ಅಂದರೆ ಹಲವು ಸೆಷನ್‌ಗಳಲ್ಲಿ ಆಡುವ ಈ ಉದ್ದನೆಯ ಕಥೆಗೆ ಮೂಲ, ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದ 1983ರ ‘ರೇವನ್‌ಲಾಫ್ಟ್’. ಬ್ಯಾಕ್‌ಸ್ಟೋರಿ ಸಣ್ಣದೇ. ಯುದ್ಧದಲ್ಲೇ ಯೌವನ ಕಳೆದ ಸ್ಟ್ರಾಡ್ ಒಂದು ಕಣಿವೆ ಗೆದ್ದು, ಅಪ್ಪ ಬರೋವ್‌ನ ಹೆಸರಲ್ಲಿ ಅದನ್ನು ಬರೋವಿಯಾ ಎಂದ. ಕೋಟೆಗೆ ಅಮ್ಮ ರೇವನೋವಿಯಾಳ ಹೆಸರಿಟ್ಟ. ತಮ್ಮ ಸರ್ಗೈ ಬಂದು ಸೇರಿಕೊಂಡ. ಟಟ್ಯಾನಾ ಎಂಬ ಹಳ್ಳಿ ಹುಡುಗಿಯ ಮೇಲೆ ಇಬ್ಬರಿಗೂ ಮನಸ್ಸಾಯಿತು, ಅವಳು ಒಲಿದದ್ದು ತಮ್ಮನಿಗೆ. ಸ್ಟ್ರಾಡ್ ಕರಾಳ ಶಕ್ತಿಗಳ ಜೊತೆ ಒಪ್ಪಂದ ಮಾಡಿಕೊಂಡು ಮದುವೆಯ ದಿನವೇ ತಮ್ಮನನ್ನು ಕೊಂದ. ಅವಳು ಕೋಟೆಯ ಮೇಲಿಂದ ಪ್ರಪಾತಕ್ಕೆ ಹಾರಿದಳು. ಕಾವಲುಗಾರರು ಅವನ ಮೇಲೆ ಬಾಣ ಬಿಟ್ಟರು. ಅವನು ಸಾಯಲಿಲ್ಲ, ವ್ಯಾಂಪೈರ್ ಆದ. ಕಣಿವೆಯ ಸುತ್ತ ಮಂಜು ಕವಿಯಿತು. ಟಟ್ಯಾನಾ ಮತ್ತೆ ಮತ್ತೆ ಹುಟ್ಟುತ್ತಾಳೆ, ಅವನ ಕೈಗೆ ದಕ್ಕುವ ಮೊದಲೇ ಸಾಯುತ್ತಾಳೆ. ಈ ಜನ್ಮದಲ್ಲಿ ಅವಳು ಐರೀನಾ ಕೊಲ್ಯಾನಾ.

ಚೆನ್ನಾಗಿದೆ. ಆದರೆ ಇದನ್ನು ಓದಿ ಖುಷಿಪಡುವುದು ಡಿಎಂ ಒಬ್ಬರೇ. ಪ್ಲೇಯರ್‌ಗಳ ಪಾಲಿಗೆ ಇದು ಯಾರೋ ಸತ್ತ ರಾಜಮನೆತನದ ಸಮಾಚಾರ.

ನಾನು ವಕೀಲರ ಆಫೀಸಿನಲ್ಲಿ ಕೇಸ್ ಫೈಲ್ ತಯಾರು ಮಾಡುವವಳು. ಕಂಡವರು ಬಾಯಿ ಬಿಡದಿದ್ದರೆ ನಡೆದ ಘಟನೆಗೆ ಅಲ್ಲಿ ಬೆಲೆಯಿಲ್ಲ. ಬ್ಯಾಕ್‌ಸ್ಟೋರಿಯನ್ನೂ ನಾನು ಹಾಗೇ ನೋಡುತ್ತೇನೆ: ಘಟನೆಗಳನ್ನು ಆದಷ್ಟು ಮುಟ್ಟುವುದಿಲ್ಲ, ಸಾಕ್ಷಿಗಳನ್ನು ಮಾತ್ರ ಧಾರಾಳವಾಗಿ ಬದಲಿಸುತ್ತೇನೆ, ಹೊಸಬರನ್ನು ಸೇರಿಸುತ್ತೇನೆ.

ಮೊದಲು ಇಡೀ ಹಿಂದಿನ ಕಥೆಯನ್ನು ಅರ್ಧ ಪುಟದಲ್ಲಿ, ಒಂದು ಸಾಲಿಗೆ ಒಂದು ಘಟನೆಯಂತೆ ಕೈಯಲ್ಲೇ ಬರೆಯಿರಿ. ಪ್ರತಿ ಸಾಲಿನ ಎದುರು, ಇದನ್ನು ತೆಗೆದರೆ ಪುಸ್ತಕದಲ್ಲಿ ಮುಂದೆ ಏನೇನು ಕುಸಿಯುತ್ತದೆ ಎಂದು ಗುರುತು ಹಾಕಿ. ಸರ್ಗೈಯನ್ನು ತೆಗೆದುಬಿಟ್ಟರೆ ಸನ್‌ಸ್ವೋರ್ಡ್ ಯಾರ ಕತ್ತಿಯೂ ಅಲ್ಲ, ಕ್ರೆಜ್ಕ್ ಎಂಬ ಊರಿನ ಕೊಳದ ಬಳಿ ಐರೀನಾಳನ್ನು ಕರೆಯಲು ಯಾರೂ ಇಲ್ಲ. ಹಾಗಾಗಿ ಅವನು ಇರಲೇಬೇಕು. ಒಪ್ಪಂದವೂ ಅಷ್ಟೇ, ಅದಿಲ್ಲದಿದ್ದರೆ ಅದು ನಡೆದ ಜಾಗವಾದ ಆಂಬರ್ ಟೆಂಪಲ್‌ಗೆ ಹೋಗಲು ಕಾರಣವೇ ಉಳಿಯುವುದಿಲ್ಲ. ಆದರೆ ಬರೋವಿಯಾದ ಬಹುಪಾಲು ಜನರಿಗೆ ಆತ್ಮವೇ ಇಲ್ಲ, ಹತ್ತರಲ್ಲಿ ಒಬ್ಬರಿಗೆ ಮಾತ್ರ ಇದೆ ಅನ್ನುವ ಮಾತನ್ನು ನಾನು ಹೊಡೆದುಹಾಕಿದೆ. ಕುಸಿಯುವುದು ಏನೂ ಇರಲಿಲ್ಲ. ಅದು ಪ್ಲೇಯರ್‌ಗಳ ಕಿವಿಗೆ ಬಿದ್ದರೆ, ‘ಆತ್ಮ ಇಲ್ಲದವನು ಸತ್ತರೆ ನಮಗೇನು’ ಅನ್ನುವ ಲೆಕ್ಕಾಚಾರ ಶುರುವಾಗುತ್ತದೆ. ಊರಿನವರ ಮೇಲೆ ಕರುಣೆ ಇಲ್ಲದೆ ಈ ಕ್ಯಾಂಪೇನ್ ಮುಂದೆ ಹೋಗುವುದಿಲ್ಲ. ಮರುಜನ್ಮವನ್ನು ಮಾತ್ರ ಉಳಿಸಿಕೊಂಡೆ.

ಇನ್ನು ಸಾಕ್ಷಿಗಳು. ಹಳೆಯದನ್ನು ಬಲ್ಲವರು ಇನ್ನೂ ಇದ್ದಾರೆ, ಮತ್ತು ಅವರಲ್ಲಿ ಯಾರೂ ನಿಷ್ಪಕ್ಷಪಾತಿಗಳಲ್ಲ. ಸ್ಟ್ರಾಡ್‌ನ ಬಲಗೈ ರಹಾದಿನ್ ಒಡೆಯನ ಪರ ವಾದಿಸುತ್ತಾನೆ. ಡಸ್ಕ್ ಎಲ್ಫ್ ಎಂಬ ಕುಲದ ಕಸಿಮಿರ್‌ನ ತಂಗಿ ಪಟ್ರಿನಾ ಸ್ಟ್ರಾಡ್‌ನನ್ನು ಮದುವೆಯಾಗಲು ಹೊರಟಾಗ ಸ್ವಂತ ಜನರೇ ಅವಳನ್ನು ಕಲ್ಲು ಹೊಡೆದು ಕೊಂದರು. ಅದಕ್ಕೆ ಪ್ರತಿಯಾಗಿ ರಹಾದಿನ್ ಆ ಕುಲದ ಹೆಂಗಸರನ್ನೆಲ್ಲ ಕೊಂದ. ಕಸಿಮಿರ್ ಹೇಳುವ ಕಥೆಯಲ್ಲಿ ತನ್ನ ಕೈಯ ಕಲ್ಲು ಕಾಣಿಸದಂತೆ ಆಡಿಸಿ ನೋಡಿ. ನನಗೆ ಎಲ್ಲರಿಗಿಂತ ಇಷ್ಟವಾದವನು ಆರ್ಗಿನ್‌ವೋಸ್ಟ್‌ಹೋಲ್ಟ್ ಎಂಬ ಪಾಳು ಮಹಲಿನಲ್ಲಿರುವ ವ್ಲಾದಿಮಿರ್ ಹಾರ್ನ್‌ಗಾರ್ಡ್. ಸ್ಟ್ರಾಡ್ ಇನ್ನೂ ಮನುಷ್ಯನಾಗಿದ್ದಾಗ ಅವನ ಸೈನ್ಯ ವ್ಲಾದಿಮಿರ್ ಇದ್ದ ಬೆಳ್ಳಿ ಡ್ರ್ಯಾಗನ್ ಎಂಬ ಯೋಧರ ಪಡೆಯನ್ನು ನಿರ್ನಾಮ ಮಾಡಿತು. ಸತ್ತೂ ಕೂತಿರುವ ಈ ಯೋಧನಿಗೆ ಸ್ಟ್ರಾಡ್ ಸಾಯುವುದು ಬೇಡ, ನರಳುತ್ತಲೇ ಇರಬೇಕು. ಸ್ಟ್ರಾಡ್ ದುಷ್ಟ ಅನ್ನುವುದನ್ನು ಒಪ್ಪಿಕೊಂಡೇ ಪ್ಲೇಯರ್‌ಗಳ ದಾರಿಗೆ ಅಡ್ಡ ನಿಲ್ಲುವ ಸಾಕ್ಷಿ ಬೇರೆಲ್ಲಿ ಸಿಗುತ್ತಾನೆ?

ಪುಸ್ತಕ ಹೆಸರು ಹೇಳದೆ ದಾಟಿಹೋದ ಜನರೇ ನಿಮ್ಮ ನಿಜವಾದ ಜಾಗ. ಬಾಣ ಬಿಟ್ಟ ಆ ಕಾವಲುಗಾರರು ಯಾರು? ನನ್ನ ಆಟದಲ್ಲಿ ಅವರಲ್ಲೊಬ್ಬ ಕೋಟೆಯಿಂದ ತಪ್ಪಿಸಿಕೊಂಡು ಕೆಳಗಿನ ಹಳ್ಳಿ ಸೇರಿದ. ಅವನ ವಂಶದವನೇ ಐರೀನಾಳ ಸಾಕುತಂದೆ, ಈಗ ತೀರಿಕೊಂಡ ಬರ್ಗೋಮಾಸ್ಟರ್ (ಊರ ಮುಖ್ಯಸ್ಥ) ಕೊಲ್ಯಾನ್. ಅವರ ಮನೆಯ ಬಾಗಿಲ ಮೇಲೆ ತುದಿ ಮುರಿದ ಒಂದು ಬಾಣ ತೂಗುಹಾಕಿದೆ, ಅದಕ್ಕೆ ಪ್ರತಿ ವರ್ಷ ಮೇಣ ಹಚ್ಚುತ್ತಾರೆ. ಮಗ ಇಸ್ಮಾರ್ಕ್ ಅದನ್ನು ತೋರಿಸಿ, ‘ನಮ್ಮ ಮುತ್ತಜ್ಜ ಸೈತಾನನಿಗೆ ಹೊಡೆದದ್ದು’ ಎಂದು ಹೆಮ್ಮೆಪಟ್ಟ. ನಮ್ಮ ಟೇಬಲ್‌ನಲ್ಲಿ ರೋಗ್ (ಕಳ್ಳನಂಥ ಚತುರ ಪಾತ್ರ) ಆಡುವ ಗೆಳತಿ ಬ್ಯಾಂಕಿನವಳು, ಸುಮ್ಮನೆ ಬಿಡುವವಳಲ್ಲ. ‘ಹೊಡೆದದ್ದು ನಿಜ ಆದರೆ ಅವನ್ಯಾಕೆ ಇನ್ನೂ ಬದುಕಿದಾನೆ? ಆವತ್ತು ಅವನನ್ನ ಹೊಡೆಯೋ ಹಾಗೆ ಏನಾಗಿತ್ತು?’ ಎಂದು ಹಿಡಿದುಕೊಂಡಳು. ಇಸ್ಮಾರ್ಕ್‌ಗೆ ಗೊತ್ತಿರಲಿಲ್ಲ. ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿ ತಂಡ ತಾನಾಗಿಯೇ ಕೋಟೆಯ ಕಡೆಗೆ ಹೊರಟಿತು.

ಅದೇ ರೀತಿ ಮದುವೆ ಮಾಡಿಸಲು ಬಂದ ಪಾದ್ರಿ, ಉಡುಪು ಹೊಲಿದವಳು, ಅಡುಗೆಯವರು. ಎಲ್ಲರನ್ನೂ ಎಳೆದು ತರಬೇಡಿ, ಒಬ್ಬಿಬ್ಬರು ಸಾಕು.

ಟಟ್ಯಾನಾಳ ಬಗ್ಗೆ ಪುಸ್ತಕ ಜಿಪುಣ. ಅವಳು ಹೇಗಿದ್ದಳು ಎಂದು ನಮಗೆ ತಿಳಿಯುವುದು ಹೆಚ್ಚಾಗಿ ಸ್ಟ್ರಾಡ್‌ನ ದಿನಚರಿ ‘ಟೋಮ್ ಆಫ್ ಸ್ಟ್ರಾಡ್’ನಿಂದ, ಅಂದರೆ ಆರೋಪಿಯ ಹೇಳಿಕೆಯಿಂದ. ಅವಳು ತನ್ನನ್ನು ಹಿರಿಯ, ಸಹೋದರ ಎಂದು ಕರೆಯುತ್ತಿದ್ದಳೆಂದು ಅವನು ಅಲ್ಲಿ ಗೊಣಗುತ್ತಾನೆ. ನಾನು ಆ ಗೊಣಗಾಟವನ್ನೇ ಎತ್ತಿಕೊಂಡೆ. ಸ್ಟ್ರಾಡ್ ಊಟಕ್ಕೆ ಕರೆದಿದ್ದಾಗ ಐರೀನಾ, ತನಗೇ ಗೊತ್ತಿಲ್ಲದೆ, ‘ಬಡಿಸಲಾ ಭಾವ?’ ಎಂದುಬಿಟ್ಟಳು. ಸ್ಟ್ರಾಡ್‌ನ ಕೈಯ ಲೋಟ ಒಡೆಯಿತು. ಅಷ್ಟು ಹೊತ್ತಿಗೆ ದಿನಚರಿ ಅವರ ಕೈಗೆ ಸಿಕ್ಕಿರಲಿಲ್ಲ, ಆದರೂ ಎಲ್ಲರಿಗೂ ನಂಟು ಹೊಳೆಯಿತು.

ವಿಸ್ತಾನಿಗಳೆಂಬ ಅಲೆಮಾರಿ ಜನರ ವಿಷಯದಲ್ಲಿ ಪುಸ್ತಕವನ್ನೇ ತಿದ್ದಬೇಕು. 2016ರ ಮುದ್ರಣದಲ್ಲಿ ಅವರ ಚಿತ್ರಣ ಯುರೋಪಿನ ರೋಮಾ ಜನರ ಬಗೆಗಿನ ಹಳಸಲು ಪೂರ್ವಗ್ರಹಗಳನ್ನು ಎತ್ತಿಕೊಂಡಿತ್ತು; ಪ್ರಕಾಶಕರೇ 2020ರಲ್ಲಿ ಕೆಲವು ಭಾಗ ಬದಲಿಸಿದರು. ಹಿಂದಿನ ಕಥೆಯಲ್ಲಿ ಅವರಿಗೊಂದು ಗಟ್ಟಿ ಪಾತ್ರ ಇದ್ದೇ ಇದೆ: ಗಾಯಗೊಂಡ ಸ್ಟ್ರಾಡ್‌ನನ್ನು ಅವರು ಉಳಿಸಿದ್ದರು, ಅದಕ್ಕೇ ಅವರು ಮಂಜು ದಾಟಬಲ್ಲರು. ನಾನು ಇದನ್ನು ಋಣ ಎಂದು ಹಿಡಿದೆ. ಆ ಋಣ ತಮಗೆ ಹೊರೆ ಎನ್ನುವ ಮನೆಗಳೂ ಇವೆ, ಅದನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ವಲ್ಲಾಕಿ ಪಟ್ಟಣದ ಹೊರಗಿನ ಅವರ ಬಿಡಾರದಲ್ಲಿ ಮುಖಂಡ ಲುವಾಶ್‌ನ ಮಗಳು ಅರಬೆಲ್ ಕಾಣೆಯಾದಾಗ, ಈ ಋಣ ಮಗುವನ್ನು ಹುಡುಕಿಕೊಡಲಿಲ್ಲವಲ್ಲ ಎಂದು ಒಂದು ಮುದುಕಿ ಶಪಿಸುತ್ತಾಳೆ.

ಪ್ಲೇಯರ್‌ಗಳ ಸ್ವಂತ ಬ್ಯಾಕ್‌ಸ್ಟೋರಿ ಹೆಣೆಯುವಾಗ ಒಂದು ಕಟ್ಟುನಿಟ್ಟು: ಯಾರೂ ಸ್ಟ್ರಾಡ್‌ನ ರಕ್ತಸಂಬಂಧಿಯಲ್ಲ, ಯಾರೂ ಟಟ್ಯಾನಾಳ ಮರುಜನ್ಮವಲ್ಲ. ಕೇಳುತ್ತಾರೆ, ಆಸೆ ಪಡುತ್ತಾರೆ, ಕೊಡಬೇಡಿ. ಕೊಟ್ಟರೆ ಉಳಿದವರೆಲ್ಲ ಪ್ರೇಕ್ಷಕರಾಗುತ್ತಾರೆ, ಐರೀನಾ ಕೆಲಸವಿಲ್ಲದೆ ಕೂರುತ್ತಾಳೆ. ಬದಲಿಗೆ ಬದಿಯ ಎಳೆ ಕೊಡಿ. ಪ್ಯಾಲಡಿನ್ (ಧರ್ಮಯೋಧ) ಆಡುವವರ ಪಾತ್ರದ ಅಜ್ಜಿ ಬೆಳ್ಳಿ ಡ್ರ್ಯಾಗನ್‌ನ ಹಾಡು ಕಲಿಸಿರಲಿ, ವಿಝರ್ಡ್ (ಮಂತ್ರವಾದಿ) ಪಾತ್ರದ ಗುರು ಆಂಬರ್ ಟೆಂಪಲ್ ಹುಡುಕಿಕೊಂಡು ಹೋಗಿ ಮರಳಿರದಿರಲಿ.

ಮಾಹಿತಿ ಹಂಚುವಾಗ ಭವಿಷ್ಯ ಹೇಳುವ ಟರೋಕ್ಕಾ ಕಾರ್ಡುಗಳು ಕೈಕೊಡಬಹುದು. 54 ಎಲೆಗಳ ಪೈಕಿ 40 ಸಾಮಾನ್ಯ ಎಲೆಗಳಲ್ಲಿ ಯಾವುದು ಬೀಳುತ್ತದೋ ಅದು ಹೇಳುವ ಜಾಗದಲ್ಲಿ ದಿನಚರಿ ಇರುತ್ತದೆ. ಅದು ತಂಡ ಕೊನೆಗೆ ತಲುಪುವ ಮೂಲೆಯಾದರೆ ಮದುವೆಯ ದಿನದ ಕಥೆಯೂ ಅಲ್ಲೇ ಕೊಳೆಯುತ್ತದೆ. ಕಾರ್ಡಿನಲ್ಲಿ ಮೋಸ ಮಾಡುವುದು ನನಗೆ ಸೇರುವುದಿಲ್ಲ, ಹಾಗಾಗಿ ಮುಖ್ಯವಾದ ಪ್ರತಿ ಸಂಗತಿಯನ್ನೂ ಕನಿಷ್ಠ ಮೂರು ಕಡೆ ಇಡುತ್ತೇನೆ: ದಿನಚರಿ, ಒಂದು ಬಾಯಿ, ಒಂದು ವಸ್ತು. ಕೊಲೆಯ ಸಂಗತಿ ದಿನಚರಿಯಲ್ಲೂ ಇದೆ, ವ್ಲಾದಿಮಿರ್ ಬಾಯಲ್ಲೂ ಇದೆ, ಕೋಟೆಯ ನೆಲಮಾಳಿಗೆಯ ಸರ್ಗೈ ಸಮಾಧಿಯಲ್ಲಿ ನಾನಿಟ್ಟ ಮದುವೆ ಅಂಗಿಯ ತೂತಿನಲ್ಲೂ ಇದೆ. ಮೂವರೂ ಒಂದೇ ಮಾತು ಹೇಳಬೇಕಿಲ್ಲ.

ಆಟ ಶುರುವಾಗುವ ಮೊದಲು ಪ್ಲೇಯರ್‌ಗಳ ಜೊತೆ ಕೂತು ಮಾತಾಡಿ. ಒಲ್ಲೆ ಎಂದವಳ ಬೆನ್ನು ಬಿಡದ ಗಂಡಸಿನ ಕಥೆ ಇದು, ಮಕ್ಕಳನ್ನು ಕೊಲ್ಲುವ ಮಾಟಗಾತಿಯರೂ ಬರುತ್ತಾರೆ. ಯಾರಿಗೆ ಏನು ಬೇಡವೋ ಅದನ್ನು ತೆಗೆಯಿರಿ.

ಪ್ರತಿ ಸೆಷನ್ ಮುಗಿದ ಮೇಲೆ ಆ ಅರ್ಧ ಪುಟ ತೆಗೆದು, ಯಾವ ಸಂಗತಿಯನ್ನು ಯಾರು ಯಾರಿಗೆ ಹೇಳಿದರು ಎಂದು ಪಕ್ಕದಲ್ಲೇ ಗುರುತು ಹಾಕಿ. ಟೇಬಲ್‌ನಲ್ಲಿ ಒಮ್ಮೆ ಆಡಿದ ಮಾತಿಗೆ ಪುಸ್ತಕಕ್ಕಿಂತ ತೂಕ ಹೆಚ್ಚು; ಎರಡರ ನಡುವೆ ತಾಳೆಯಾಗದಿದ್ದರೆ ಪುಸ್ತಕದ ಸಾಲನ್ನೇ ಹೊಡೆದುಹಾಕಿ. ಕ್ಯಾಂಪೇನ್ ಅರ್ಧ ದಾಟಿದ ಮೇಲೂ ಎದುರಿಗೆ ಏನೂ ಗುರುತು ಬೀಳದ ಸಾಲಿದ್ದರೆ, ಮುಂದಿನ ಸೆಷನ್‌ನಲ್ಲಿ ಅದನ್ನು ಹೇಳಲು ಯಾರನ್ನಾದರೂ ಕಳಿಸಿ, ಇಲ್ಲವೇ ಆ ಸಾಲನ್ನೇ ಕೈಬಿಡಿ.