ಮೊದಲ ದಿನ ತಪ್ಪಿದ ಲೆಕ್ಕ

ಫಲಿತಾಂಶ ತೀರಾ ಚೆನ್ನಾಗಿ ಬಂದಿತ್ತು. ಅನುಮಾನ ಹುಟ್ಟಬೇಕಿದ್ದುದು ಆಗಲೇ. ನನಗೆ ಹುಟ್ಟಿದ್ದು ಖುಷಿ.

ಹೃದಯಾಘಾತದಿಂದ ಚೇತರಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಮರಳಿದವರ ದಾಖಲೆಗಳು ನನ್ನ ಮುಂದಿದ್ದವು. ರಕ್ತದೊತ್ತಡ ಇಳಿಸುವ ಒಂದು ಮಾತ್ರೆ ಅವರ ಆಯುಷ್ಯವನ್ನು ಹೆಚ್ಚಿಸುತ್ತದೆಯೇ ಎಂಬುದು ಪ್ರಶ್ನೆ. ಒಂದು ವರ್ಷದೊಳಗೆ ಯಾವಾಗಲಾದರೂ ಆ ಮಾತ್ರೆ ಶುರು ಮಾಡಿದವರದು ಒಂದು ಗುಂಪು, ಮುಟ್ಟದವರದು ಇನ್ನೊಂದು. ಮೊದಲ ಗುಂಪಿನಲ್ಲಿ ಸಾವು ಅರ್ಧಕ್ಕಿಂತ ಕಡಿಮೆ. ವಯಸ್ಸು, ಲಿಂಗ, ಮಧುಮೇಹ, ಧೂಮಪಾನ, ಮೂತ್ರಪಿಂಡದ ಸ್ಥಿತಿ ಎಂದು ಒಂದೊಂದಾಗಿ ಸೇರಿಸುತ್ತಾ ಸುಮಾರು ನಲವತ್ತು ಅಂಶಗಳಿಗೆ ಹೊಂದಾಣಿಕೆ ಮಾಡಿದೆ, ಅಂದರೆ ಈ ಅಂಶಗಳು ಎರಡೂ ಗುಂಪಿನಲ್ಲಿ ಸಮನಾಗಿದ್ದರೆ ಉತ್ತರ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದೆ. ಉತ್ತರ ಜಗ್ಗಲಿಲ್ಲ. 1983ರಲ್ಲಿ ರೋಸೆನ್‌ಬಾಮ್ ಮತ್ತು ರೂಬಿನ್ ಮುಂದಿಟ್ಟ ಪ್ರೊಪೆನ್ಸಿಟಿ ಸ್ಕೋರ್ ವಿಧಾನದಲ್ಲಿ, ಮಾತ್ರೆ ಪಡೆಯುವ ಸಂಭವ ಸಮನಾಗಿದ್ದವರನ್ನು ಜೋಡಿ ಮಾಡಿಯೂ ನೋಡಿದೆ. ಆಗಲೂ ಅದೇ ಉತ್ತರ. ಇದರಲ್ಲೇ ಮೂರು ವಾರ ಕಳೆದವು.

ಕರಡು ಓದಿದ ಹಿರಿಯ ಸಹೋದ್ಯೋಗಿ ಒಂದೇ ಪ್ರಶ್ನೆ ಕೇಳಿದರು. "ಮಾತ್ರೆ ಶುರುವಾಗುವ ಮೊದಲೇ ತೀರಿಕೊಂಡವರನ್ನು ಯಾವ ಗುಂಪಿಗೆ ಹಾಕಿದ್ದೀರಿ?"

"ತೆಗೆದುಕೊಳ್ಳದವರ ಗುಂಪಿಗೆ. ಅವರು ತೆಗೆದುಕೊಂಡಿರಲಿಲ್ಲವಲ್ಲ," ಎಂದೆ. ವಾಕ್ಯ ಮುಗಿಯುವಷ್ಟರಲ್ಲಿ ಕಿವಿ ಬಿಸಿಯಾಯಿತು.

ಏನಾಗಿತ್ತು ಎಂಬುದನ್ನು ಆ ದಿನ ಸಂಜೆ ಕಾಗದದ ಮೇಲೆ ಬಿಡಿಸಿಕೊಂಡೆ. ಏನೂ ಮಾಡದ, ಬರೀ ಸಕ್ಕರೆಯ ಗುಳಿಗೆಯೊಂದನ್ನು ಊಹಿಸಿಕೊಳ್ಳಿ. 1,000 ರೋಗಿಗಳಿದ್ದಾರೆ, ವರ್ಷಕ್ಕೆ 100 ಸಾವು, ಮೊದಲ ಆರು ತಿಂಗಳಲ್ಲಿ 50, ನಂತರದ ಆರು ತಿಂಗಳಲ್ಲಿ 50. ಅರ್ಧ ವರ್ಷ ಕಳೆದಾಗ ಉಳಿದ 950 ಮಂದಿಯಲ್ಲಿ ಅರ್ಧದಷ್ಟು, ಅಂದರೆ 475 ಮಂದಿ, ಗುಳಿಗೆ ಶುರು ಮಾಡುತ್ತಾರೆ. ಗುಳಿಗೆ ನಿಷ್ಪ್ರಯೋಜಕವಾದ್ದರಿಂದ ಉಳಿದ 50 ಸಾವುಗಳು ಎರಡೂ ಕಡೆ 25ರಂತೆ ಹಂಚಿಹೋಗುತ್ತವೆ. ಈಗ ನನ್ನ ಹಾಗೆ ಲೆಕ್ಕ ಹಾಕಿ. ಗುಳಿಗೆ ತೆಗೆದುಕೊಂಡವರಲ್ಲಿ 475ಕ್ಕೆ 25 ಸಾವು, ಶೇ 5.3. ತೆಗೆದುಕೊಳ್ಳದವರಲ್ಲಿ ಮೊದಲೇ ತೀರಿಕೊಂಡ 50 ಮಂದಿಯೂ ಸೇರಿ 525ಕ್ಕೆ 75 ಸಾವು, ಶೇ 14.3. ಸಕ್ಕರೆ ಗುಳಿಗೆ ಸಾವನ್ನು ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಸಿಬಿಟ್ಟಿತು!

ಗುಳಿಗೆ ಶುರು ಮಾಡಬೇಕಾದರೆ ಅಲ್ಲಿಯವರೆಗೆ ಬದುಕಿರಬೇಕು. ಆ ಆರು ತಿಂಗಳು ಗುಳಿಗೆಯವರ ಪಾಲಿಗೆ ಸಾವೇ ಇಲ್ಲದ ಅವಧಿ. ರೋಗಿಗಳ ದಾಖಲೆಗಳಿಂದ ಕಾರಣ ಹುಡುಕುವ ಈ ವೃತ್ತಿಯಲ್ಲಿ ಇದನ್ನು 'ಅಮರ ಕಾಲ'ದ ದೋಷ ಎನ್ನುತ್ತಾರೆ. ಇದು ಹೊಸ ಪತ್ತೆಯಲ್ಲ. ಹೃದಯ ಕಸಿಯ ಆರಂಭದ ದಿನಗಳ ಅಧ್ಯಯನಗಳ ಬಗ್ಗೆ 1970ರ ದಶಕದಲ್ಲೇ ಈ ಆಕ್ಷೇಪ ಎದ್ದಿತ್ತು. ಕಸಿಗಾಗಿ ಕಾಯುತ್ತಲೇ ಸತ್ತವರನ್ನು ಕಸಿ ಆಗದವರ ಲೆಕ್ಕಕ್ಕೆ ಸೇರಿಸಿದರೆ ಕಸಿ ಆದವರು ದೀರ್ಘಾಯುಷಿಗಳಾಗಿ ಕಾಣದೆ ಇನ್ನೇನು? ಪಾಠ ಮಾಡುವಾಗ ನಾನೇ ಈ ಉದಾಹರಣೆ ಹೇಳಿದ್ದೇನೆ. ನಲವತ್ತು ಅಂಶಗಳ ಹೊಂದಾಣಿಕೆ ಇದನ್ನು ಸರಿಪಡಿಸುವುದಿಲ್ಲ, ನಾಲ್ಕು ನೂರೂ ಸರಿಪಡಿಸುವುದಿಲ್ಲ. ತಪ್ಪು ರೋಗಿಗಳ ಗುಣಲಕ್ಷಣದಲ್ಲಿ ಇರಲಿಲ್ಲ. ಲೆಕ್ಕ ಯಾವ ದಿನದಿಂದ ಶುರುವಾಗಬೇಕು ಎಂಬ ನನ್ನ ತೀರ್ಮಾನದಲ್ಲಿತ್ತು.

ಇನ್ನೊಂದು ಮುಜುಗರವನ್ನೂ ಹೇಳಿಬಿಡುತ್ತೇನೆ. ಕರಡಿನ ಚರ್ಚಾ ಭಾಗದಲ್ಲಿ, ಒಂದು ನಂಟು ನಿಜಕ್ಕೂ ಕಾರಣವೇ ಎಂದು ತೂಗಿ ನೋಡಲು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 1965ರ ಒಂದು ಭಾಷಣದಲ್ಲಿ ಪಟ್ಟಿ ಮಾಡಿದ ಒಂಬತ್ತು ದೃಷ್ಟಿಕೋನಗಳನ್ನು ಒಂದೊಂದಾಗಿ ಎತ್ತಿಕೊಂಡು ಗುರುತು ಹಾಕುತ್ತಾ ಹೋಗಿದ್ದೆ. ಸಂಬಂಧ ಬಲವಾಗಿದೆ, ಸರಿ. ಜೈವಿಕವಾಗಿ ಒಪ್ಪುವಂಥದ್ದು, ಸರಿ. ಮಾತ್ರೆಯನ್ನು ಹೆಚ್ಚು ದಿನ ತೆಗೆದುಕೊಂಡವರಿಗೆ ಲಾಭ ಹೆಚ್ಚು, ಸರಿ. ಆದರೆ 'ಬಲ'ವನ್ನು ತಯಾರಿಸಿದ್ದೇ ದೋಷ. ಹೆಚ್ಚು ದಿನ ತೆಗೆದುಕೊಂಡವರು ಹೆಚ್ಚು ದಿನ ಬದುಕಿದ್ದರಿಂದಲೇ ಹೆಚ್ಚು ದಿನ ತೆಗೆದುಕೊಂಡರು. ಹಿಲ್ ಅವನ್ನು ಮಾನದಂಡಗಳೆಂದು ಕರೆಯಲಿಲ್ಲ, ಅವುಗಳಲ್ಲಿ ಯಾವುದೂ ನಿರ್ವಿವಾದ ಪುರಾವೆ ಕೊಡಲಾರದು ಎಂದು ಅದೇ ಭಾಷಣದಲ್ಲಿ ಹೇಳಿದ್ದರು. ಪಟ್ಟಿ ಮಾತ್ರ ಉಳಿದು ಎಚ್ಚರಿಕೆ ಕಳೆದುಹೋಯಿತು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಬಾರಿ ದತ್ತಾಂಶವನ್ನು ತೆರೆಯಲೇ ಇಲ್ಲ. ಹಣ, ಸಮಯ, ಅನುಮತಿ ಎಲ್ಲವೂ ಇದ್ದಿದ್ದರೆ ಯಾವ ಯಾದೃಚ್ಛಿಕ ಪ್ರಯೋಗ, ಅಂದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವ ಪ್ರಯೋಗ, ನಡೆಸುತ್ತಿದ್ದೆ ಎಂದು ಒಂದು ಹಾಳೆಯಲ್ಲಿ ಬರೆದೆ. ಯಾರನ್ನು ಸೇರಿಸುತ್ತಿದ್ದೆ, ಯಾವ ಎರಡು ಯೋಜನೆಗಳನ್ನು ಹೋಲಿಸುತ್ತಿದ್ದೆ, ಎಂದಿನಿಂದ ಎಂದಿನವರೆಗೆ ಗಮನಿಸುತ್ತಿದ್ದೆ, ಯಾವುದನ್ನು ಫಲಿತಾಂಶ ಎನ್ನುತ್ತಿದ್ದೆ. ಇದನ್ನು 'ಟಾರ್ಗೆಟ್ ಟ್ರಯಲ್' ಎನ್ನುತ್ತಾರೆ. ನಡೆಯದ ಆ ಪ್ರಯೋಗವನ್ನು ಇರುವ ದಾಖಲೆಗಳಲ್ಲಿ ಸಾಧ್ಯವಾದಷ್ಟು ಅನುಕರಿಸುವುದು ಕೆಲಸ. ಪ್ರಯೋಗದಲ್ಲಿ ಅರ್ಹತೆ ತೀರ್ಮಾನವಾಗುವುದು, ಚೀಟಿ ಎತ್ತುವುದು, ದಿನ ಎಣಿಸಲು ಶುರು ಮಾಡುವುದು ಮೂರೂ ಒಂದೇ ದಿನ. ನನ್ನ ಮೊದಲ ಲೆಕ್ಕದಲ್ಲಿ ಈ ಮೂರು ಮೂರು ದಿಕ್ಕಿಗೆ ಹೋಗಿದ್ದವು.

ಇದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಋತುಬಂಧದ ನಂತರದ ಹಾರ್ಮೋನ್ ಚಿಕಿತ್ಸೆಯ ಕಥೆ ಸಾಕು. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಆ ಚಿಕಿತ್ಸೆ ಹೃದಯವನ್ನು ಕಾಪಾಡುವಂತೆ ತೋರಿಸಿತ್ತು. 16,608 ಮಹಿಳೆಯರ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಿದಾಗ ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಸೇರಿದ ಚಿಕಿತ್ಸೆ ಪಡೆದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಚಿಕಿತ್ಸೆ ಆರಿಸಿಕೊಂಡ ನರ್ಸ್‌ಗಳು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದರು, ಅದೇ ಕಾರಣ ಎಂದು ಹಲವರು ತೀರ್ಪು ಕೊಟ್ಟರು. 2008ರಲ್ಲಿ ಹರ್ನಾನ್ ಮತ್ತು ಸಂಗಡಿಗರು ಅದೇ ನರ್ಸ್‌ಗಳ ದತ್ತಾಂಶವನ್ನು ಪ್ರಯೋಗದ ಮಾದರಿಯಲ್ಲಿ ಮರುಜೋಡಿಸಿ, ಚಿಕಿತ್ಸೆಯನ್ನು ಹೊಸದಾಗಿ ಶುರು ಮಾಡಿದವರಿಂದ ಎಣಿಕೆ ಆರಂಭಿಸಿದಾಗ ಎರಡರ ನಡುವಿನ ಅಂತರ ಬಹುಮಟ್ಟಿಗೆ ಕುಗ್ಗಿತು. ಮೊದಲಿನಿಂದಲೂ ಚಿಕಿತ್ಸೆ ಪಡೆಯುತ್ತಿದ್ದವರನ್ನು ಸೇರಿಸಿಕೊಂಡರೆ, ಆರಂಭದ ಹೊಡೆತವನ್ನು ದಾಟಿ ಉಳಿದವರೇ ಸಿಗುತ್ತಾರೆ.

ನನ್ನ ಹಾಳೆಯ ಎರಡು ಯೋಜನೆಗಳು: 'ಮನೆಗೆ ಹೋದ ಆರು ತಿಂಗಳೊಳಗೆ ಮಾತ್ರೆ ಶುರು ಮಾಡಿ' ಮತ್ತು 'ಶುರು ಮಾಡಬೇಡಿ'. ಎಣಿಕೆ ಎಲ್ಲರಿಗೂ ಮನೆಗೆ ಹೋದ ದಿನದಿಂದ. ಇಲ್ಲಿ ಒಂದು ತೊಡಕು. ಮೂರನೆಯ ತಿಂಗಳಲ್ಲಿ ಮಾತ್ರೆ ಮುಟ್ಟದೆ ತೀರಿಕೊಂಡವರು ಯಾವ ಯೋಜನೆಗೆ ಸೇರಿದವರು? ಮೊದಲನೆಯದನ್ನು ಅವರು ಮುರಿದಿಲ್ಲ, ಇನ್ನೂ ಮೂರು ತಿಂಗಳ ಅವಕಾಶವಿತ್ತು. ಎರಡನೆಯದನ್ನೂ ಮುರಿದಿಲ್ಲ. ಹಾಗಾದರೆ ಎರಡಕ್ಕೂ ಸೇರಿದವರು. ಅದಕ್ಕೇ ಪ್ರತಿಯೊಬ್ಬರ ದಾಖಲೆಗೂ ಎರಡು ಪ್ರತಿ ಮಾಡಿ, ಒಂದೊಂದು ಯೋಜನೆಗೆ ಒಂದೊಂದನ್ನು ಹಚ್ಚಿ, ಯಾವ ಪ್ರತಿ ತನ್ನ ಯೋಜನೆಯನ್ನು ಮುರಿಯುತ್ತದೆಯೋ ಅದನ್ನು ಆ ದಿನವೇ ಎಣಿಕೆಯಿಂದ ಕೈಬಿಟ್ಟೆ. ಕೈಬಿಡುವುದು ಚೀಟಿ ಎತ್ತಿದಂತೆ ನಡೆಯುವುದಿಲ್ಲವಾದ್ದರಿಂದ, ಹೊರಬಿದ್ದವರನ್ನು ಹೋಲುವ ಉಳಿದವರಿಗೆ ಹೆಚ್ಚು ತೂಕ ಕೊಟ್ಟೆ. ಮೊದಲ ಸಲ ಕೇಳಿದಾಗ ಇದು ಕಣ್ಕಟ್ಟಿನಂತೆ ಅನಿಸುತ್ತದೆ. ಸಕ್ಕರೆ ಗುಳಿಗೆಯ ಲೆಕ್ಕಕ್ಕೆ ಇದೇ ವಿಧಾನ ಹಚ್ಚಿ ನೋಡಿದೆ. ಎರಡೂ ಕಡೆ ಶೇ 10 ಬಂತು. ಆಮೇಲೆ ನಂಬಿಕೆ ಬಂತು.

ಮಾತ್ರೆಯ ಪವಾಡ ಬಹುಪಾಲು ಅಲ್ಲೇ ಕರಗಿತು. ಆದರೂ ಒಂದಿಷ್ಟು ಲಾಭ ಉಳಿದಿತ್ತು. ಅದು ನಿಜವೇ ಎಂದು ತಿಳಿಯಲು ರೋಗಿಗಳನ್ನು ದಿನವೂ ನೋಡುವ ಹೃದ್ರೋಗ ತಜ್ಞರೊಬ್ಬರನ್ನು ಕೂರಿಸಿಕೊಂಡು ಬಾಣದ ಚಿತ್ರ ಬರೆದೆ. ಯಾವುದರಿಂದ ಯಾವುದು ಎಂದು ಬಾಣ ಎಳೆಯುತ್ತಾ ಹೋಗುವುದಷ್ಟೇ. ಕಂಪ್ಯೂಟರ್ ಈ ಚಿತ್ರವನ್ನು ಕೊಡುವುದಿಲ್ಲ. ದತ್ತಾಂಶದಲ್ಲಿರುವ ಎಲ್ಲವನ್ನೂ ಹೊಂದಾಣಿಕೆಗೆ ಎಸೆಯುವ ನನ್ನ ಹಳೆಯ ಚಾಳಿಗೆ ಈ ಚಿತ್ರವೇ ಮದ್ದಾಯಿತು. ಆರು ತಿಂಗಳ ನಂತರದ ರಕ್ತದೊತ್ತಡಕ್ಕೂ ಹೊಂದಾಣಿಕೆ ಮಾಡಿದ್ದೆ! ಮಾತ್ರೆ ಕೆಲಸ ಮಾಡುವುದೇ ರಕ್ತದೊತ್ತಡ ಇಳಿಸಿ. ಆ ದಾರಿಯನ್ನೇ ಮುಚ್ಚಿ ಆಚೆ ಏನು ತಲುಪಿತು ಎಂದು ಕೇಳಿದಂತಾಯಿತು. ಹೀಗೆ ಮಧ್ಯದ ಸಂಗತಿಗೆ ಹೊಂದಾಣಿಕೆ ಮಾಡುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಧೂಮಪಾನಿ ತಾಯಂದಿರ ಕಡಿಮೆ ತೂಕದ ಶಿಶುಗಳು ಅಷ್ಟೇ ಕಡಿಮೆ ತೂಕದ ಇತರ ಶಿಶುಗಳಿಗಿಂತ ಹೆಚ್ಚು ಬದುಕುತ್ತವೆ ಎಂಬ ಒಗಟು 1971ರಲ್ಲಿ ಪ್ರಕಟವಾಗಿ ದಶಕಗಳ ಕಾಲ ಕಾಡಿತು. ಹೊಗೆ ಕಾಪಾಡುತ್ತದೆಯೇ? ಇಲ್ಲ. ತಾಯಿ ಧೂಮಪಾನಿಯಲ್ಲದಿದ್ದರೂ ಶಿಶುವಿನ ತೂಕ ಕಡಿಮೆಯಿದ್ದರೆ, ಜನ್ಮಜಾತ ದೋಷದಂತಹ ಇನ್ನೂ ಕೆಟ್ಟ ಕಾರಣ ಇರುವ ಸಂಭವ ಹೆಚ್ಚು. ಮಧ್ಯದ ಸಂಗತಿಯೊಂದನ್ನು ಹಿಡಿದು ನಿಲ್ಲಿಸಿದರೆ ಇಲ್ಲದ ನಂಟು ಹುಟ್ಟಿಕೊಳ್ಳುತ್ತದೆ.

ತಜ್ಞರು ಚಿತ್ರ ನೋಡುತ್ತಾ ಸುಮ್ಮನೆ ಹೇಳಿದ ಒಂದು ಮಾತು ಇಡೀ ಅಧ್ಯಯನವನ್ನು ಅಲುಗಾಡಿಸಿತು. "ಹೆಚ್ಚು ದಿನ ಉಳಿಯಲಿಕ್ಕಿಲ್ಲ ಅನಿಸಿದವರಿಗೆ ನಾವು ಹೊಸ ಮಾತ್ರೆ ಬರೆಯುವುದು ಕಡಿಮೆ." ಹಾಗೆ 'ಅನಿಸುವುದು' ಯಾವ ದಾಖಲೆಯಲ್ಲೂ ಇರುವುದಿಲ್ಲ. ಮಾತ್ರೆ ಸಿಗದಿರುವುದಕ್ಕೂ ಸಾವಿಗೂ ಬೇರು ಒಂದೇ, ಆ ಬೇರು ನನ್ನ ಅಂಕಣಗಳಲ್ಲಿಲ್ಲ.

ಅಳೆಯಲಾಗದ್ದು ಇದೆಯೇ ಎಂದು ಪರೀಕ್ಷಿಸಲು ಒಂದು ಉಪಾಯವಿದೆ. ಮಾತ್ರೆ ಬದಲಿಸಲು ಸಾಧ್ಯವೇ ಇಲ್ಲದ ಒಂದು ಫಲಿತಾಂಶವನ್ನು ಆರಿಸಿ ಅದೇ ಲೆಕ್ಕವನ್ನು ಮತ್ತೆ ಮಾಡುವುದು. ಹಿರಿಯರಿಗೆ ಕೊಡುವ ಫ್ಲೂ ಲಸಿಕೆಯ ಬಗ್ಗೆ 2006ರಲ್ಲಿ ಇದನ್ನೇ ಮಾಡಿದರು: ಲಸಿಕೆ ಪಡೆದವರಲ್ಲಿ ಸಾವು ಫ್ಲೂ ಕಾಲ ಶುರುವಾಗುವ ಮೊದಲೇ ಕಡಿಮೆಯಿತ್ತು. ವೈರಸ್ಸೇ ಬಂದಿಲ್ಲದಾಗ ಲಸಿಕೆ ಯಾರನ್ನು ಕಾಪಾಡಿತು? ನಾನು ಆರಿಸಿದ್ದು ವಾಹನ ಅಪಘಾತದ ಗಾಯಗಳನ್ನು. ಆರಿಸುವಾಗಲೇ ತಜ್ಞರು ಆಕ್ಷೇಪ ಎತ್ತಿದರು, ರಕ್ತದೊತ್ತಡದ ಮಾತ್ರೆಯಿಂದ ತಲೆಸುತ್ತು ಬಂದು ಅಪಘಾತವಾದರೆ ಎಂದು. ಒಪ್ಪಬೇಕಾದ ಮಾತು. ಆದರೆ ಹಾಗೇನಾದರೂ ಆಗುವುದಾದರೆ ಮಾತ್ರೆಯವರಿಗೆ ಅಪಘಾತ ಹೆಚ್ಚಾಗಬೇಕು. ಬಂದ ಉತ್ತರ ತಿರುಗುಮುರುಗು: ಮಾತ್ರೆಯವರಿಗೇ ಅಪಘಾತ ಕಡಿಮೆ. ಅಂದರೆ ನಾನು ಅಳೆಯುತ್ತಿದ್ದುದು ಮಾತ್ರೆಯನ್ನಲ್ಲ, ಮಾತ್ರೆ ತೆಗೆದುಕೊಳ್ಳುವಂತಹ ಮನುಷ್ಯರನ್ನು.

ಅಂತಹ ಮನುಷ್ಯರು ಎಷ್ಟು ಬೇರೆಯಾಗಿರುತ್ತಾರೆ ಎಂಬುದಕ್ಕೆ 1980ರಲ್ಲಿ ಪ್ರಕಟವಾದ ಕೊರೊನರಿ ಡ್ರಗ್ ಪ್ರಾಜೆಕ್ಟ್ ಎಂಬ ಪ್ರಯೋಗದ ಅಂಕಿಗಳು ಇಂದಿಗೂ ನನ್ನನ್ನು ಬೆಚ್ಚಿಬೀಳಿಸುತ್ತವೆ. ಔಷಧಾಂಶವೇ ಇಲ್ಲದ ಪ್ಲಸೀಬೊ ಗುಳಿಗೆಯನ್ನು ತಪ್ಪದೆ ನುಂಗಿದವರಲ್ಲಿ ಐದು ವರ್ಷದ ಸಾವು ಶೇ 15.1; ಅದೇ ಗುಳಿಗೆಯನ್ನು ಸರಿಯಾಗಿ ನುಂಗದವರಲ್ಲಿ ಶೇ 28.2. ತಿಳಿದಿದ್ದ ಅಪಾಯಕಾರಿ ಅಂಶಗಳಿಗೆಲ್ಲ ಹೊಂದಾಣಿಕೆ ಮಾಡಿದರೂ ಈ ಅಂತರ ಹೋಗಲಿಲ್ಲ.

ಕೊನೆಗೆ ಪ್ರಶ್ನೆಯನ್ನೇ ಬದಲಿಸಿದೆ. ಮಾತ್ರೆಗೂ ಏನೂ ಇಲ್ಲದಿರುವುದಕ್ಕೂ ಹೋಲಿಕೆ ಬೇಡ. ಅದೇ ಹಂತದಲ್ಲಿ, ಅದೇ ಬಗೆಯ ರೋಗಿಗೆ ವೈದ್ಯರು ಬರೆಯುವ ಇನ್ನೊಂದು ಮಾತ್ರೆ ಶುರು ಮಾಡಿದವರೊಂದಿಗೆ ಹೋಲಿಕೆ. ಎರಡೂ ಕಡೆಯವರಿಗೆ ವೈದ್ಯರು ಏನನ್ನೋ ಬರೆದಿದ್ದಾರೆ, ಎರಡೂ ಕಡೆಯವರು ಅದನ್ನು ಕೊಂಡಿದ್ದಾರೆ, ಎಣಿಕೆ ಕೊಂಡ ದಿನದಿಂದ. ಅಪಘಾತದ ಲೆಕ್ಕ ಮತ್ತೆ ಮಾಡಿದಾಗ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಗಿತ್ತು. ಇದಕ್ಕೆ ತೆತ್ತ ಬೆಲೆಯೂ ಇದೆ: ಮಾತ್ರೆ ಒಳ್ಳೆಯದೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಆ ಇನ್ನೊಂದಕ್ಕಿಂತ ಒಳ್ಳೆಯದೇ ಎಂಬುದಕ್ಕೆ ಮಾತ್ರ ಇದೆ. ಉತ್ತರ: ತುಸು ಲಾಭ ಇರಬಹುದು, ಇಲ್ಲದೆಯೂ ಇರಬಹುದು.

ಉಳಿದಿರಬಹುದಾದ ಅಡಗಿದ ಕಾರಣ ಎಷ್ಟು ಬಲವಾಗಿರಬೇಕು ಎಂದು ಲೆಕ್ಕ ಹಾಕುವ ಇ-ಮೌಲ್ಯ ಎಂಬ ಅಳತೆಯನ್ನು 2017ರಲ್ಲಿ ವಾಂಡರ್‌ವೀಲ್ ಮತ್ತು ಡಿಂಗ್ ಕೊಟ್ಟರು. ಅಪಾಯದ ಅನುಪಾತ 2 ಇದ್ದರೆ, ಅಂದರೆ ಒಂದು ಗುಂಪಿನ ಅಪಾಯ ಇನ್ನೊಂದರ ಎರಡು ಪಟ್ಟಿದ್ದರೆ, ಇ-ಮೌಲ್ಯ 3.41. ಅಡಗಿದ ಕಾರಣಕ್ಕೆ ಚಿಕಿತ್ಸೆಯೊಂದಿಗೂ ಫಲಿತಾಂಶದೊಂದಿಗೂ ಸಮಾನ ಬಲದ ನಂಟಿದೆ ಎಂದುಕೊಂಡರೆ, ಆ ಬಲ ಕನಿಷ್ಠ ಅಷ್ಟಿದ್ದರೆ ಮಾತ್ರ ಅದು ಇಡೀ ಸಂಬಂಧವನ್ನು ವಿವರಿಸಬಲ್ಲದು. ನನ್ನ ಮೊದಲ ಕರಡಿನಲ್ಲೂ ಇಂಥದ್ದೊಂದು ಇ-ಮೌಲ್ಯ ಹೆಮ್ಮೆಯಿಂದ ಕುಳಿತಿತ್ತು; ಅಮರ ಕಾಲದ ದೋಷವನ್ನು ಅದು ಹಿಡಿಯುವುದಿಲ್ಲ ಎಂಬುದನ್ನು ಮರೆತಿದ್ದೆ. ಇದರ ಮೂಲ ತರ್ಕ ಮಾತ್ರ ನನಗೆ ಇಷ್ಟ. ಯಾದೃಚ್ಛಿಕ ಹಂಚಿಕೆಗೆ ಶಾಸ್ತ್ರದ ತಳಹದಿ ಹಾಕಿದ ಫಿಷರ್, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಹುಟ್ಟಿನಿಂದ ಬಂದ ಒಂದೇ ಗುಣ ಕಾರಣವಿರಬಹುದು ಎಂದು ವಾದಿಸಿದ್ದರು. 1959ರಲ್ಲಿ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಕೊಟ್ಟ ಉತ್ತರ ಸರಳ: ಧೂಮಪಾನಿಗಳ ಅಪಾಯ ಒಂಬತ್ತು ಪಟ್ಟು ಹೆಚ್ಚಿದ್ದರೆ, ಆ ಗುಣವೂ ಅವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿ ಇರಬೇಕು. ಅಂಥದ್ದೊಂದು ಗುಣವನ್ನು ಯಾರೂ ತೋರಿಸಲಿಲ್ಲ.

ಹೊಸ ಕರಡನ್ನು ಅದೇ ಹಿರಿಯ ಸಹೋದ್ಯೋಗಿಗೆ ಕಳುಹಿಸಿದೆ. ಎರಡು ದಿನ ಬಿಟ್ಟು ಬಂದ ಉತ್ತರದಲ್ಲಿ ಮೆಚ್ಚುಗೆಯ ಒಂದು ಸಾಲಿತ್ತು, ಅದರ ಕೆಳಗೆ ಇನ್ನೊಂದು ಪ್ರಶ್ನೆ: "ನಡುವೆ ಮಾತ್ರೆ ನಿಲ್ಲಿಸಿದವರನ್ನು ಏನು ಮಾಡಿದಿರಿ?" ಕಡತ ತೆರೆದು ನೋಡಿದೆ. ಎರಡೂ ಗುಂಪಿನಲ್ಲಿ ನಿಲ್ಲಿಸಿದವರಿದ್ದರು, ಆದರೆ ಒಂದೇ ಪ್ರಮಾಣದಲ್ಲಲ್ಲ. ಏಕೆ ನಿಲ್ಲಿಸಿದರು ಎಂಬ ಅಂಕಣ ದಾಖಲೆಯಲ್ಲಿ ಇರಲಿಲ್ಲ. ಬಾಣದ ಚಿತ್ರವನ್ನು ಮತ್ತೆ ಹರವಿಕೊಂಡು, ತಜ್ಞರಿಗೆ ಫೋನ್ ಮಾಡಿದೆ.